ಸ್ವಾಗತಿಸಿದ ಮೇಲೂ ಅವರು ಕೊನೆಯ ಸಾಲಿನಲ್ಲೇ ಏಕೆ ಕೂರುತ್ತಾರೆ?

ಪ್ರಶ್ನೆ: ನಾನು ಕಾರವಾರದಲ್ಲಿ ಸ್ನಾತಕೋತ್ತರ ತರಗತಿಗಳಿಗೆ ಜೀವವಿಜ್ಞಾನ ಕಲಿಸುತ್ತೇನೆ. ಈ ವರ್ಷ ನೇಪಾಳದ ಒಬ್ಬ ವಿದ್ಯಾರ್ಥಿಯೂ ಪೂರ್ವ ಆಫ್ರಿಕಾದ ಒಬ್ಬ ವಿದ್ಯಾರ್ಥಿನಿಯೂ ನಮ್ಮಲ್ಲಿಗೆ ಬಂದಿದ್ದಾರೆ. ಮೊದಲ ದಿನ ಹೂ ಕೊಟ್ಟು ಸ್ವಾಗತಿಸಿದೆವು. ಯಾರೂ ಅವರನ್ನು ನೋಯಿಸಿಲ್ಲ. ಆದರೂ ಎರಡು ತಿಂಗಳಿನಿಂದ ಇಬ್ಬರೂ ಕೊನೆಯ ಸಾಲಿನಲ್ಲಿ ಕೂತು, ತರಗತಿ ಮುಗಿದೊಡನೆ ಹಾಸ್ಟೆಲ್‌ಗೆ ಹೊರಟುಬಿಡುತ್ತಾರೆ. ಅವರನ್ನು ನಮ್ಮವರೊಂದಿಗೆ ಬೆರೆಸುವುದು ಹೇಗೆ?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಹಲವು ಅಧ್ಯಾಪಕರಿಂದ ಬಂದಿದೆ. ಎಲ್ಲರ ಪತ್ರದಲ್ಲೂ ಸ್ವಾಗತದ ವಿವರ ಇದ್ದೇ ಇರುತ್ತದೆ. ತೊಡಕು ಅಲ್ಲಿಂದಲೇ ಆರಂಭವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಗೋಕರ್ಣದ ಕಡಲತೀರಗಳಿಗೆ ವರ್ಷವರ್ಷವೂ ವಿದೇಶೀಯರು ಬಂದು ಹೋಗುವುದನ್ನು ಕಂಡಿರುವ ನಮ್ಮ ಜಿಲ್ಲೆಗೆ ಪರದೇಶದವರು ಹೊಸಬರಲ್ಲ, ಅವರನ್ನು ಉಪಚರಿಸುವುದೂ ಹೊಸತಲ್ಲ. ಆದರೆ ಆ ಉಪಚಾರವೆಲ್ಲ ನಾಲ್ಕು ದಿನ ಇದ್ದು ಹೊರಡುವವರಿಗಾಗಿ ರೂಢಿಯಾದದ್ದು. ಎರಡು ವರ್ಷ ನಮ್ಮ ನಡುವೆಯೇ ಇದ್ದು ಓದಬೇಕಾದವರನ್ನು ಅದೇ ರೀತಿ ನಡೆಸಿಕೊಂಡರೆ ಅವರು ಎರಡು ವರ್ಷವೂ ಅತಿಥಿಗಳಾಗಿಯೇ ಉಳಿಯುತ್ತಾರೆ. ಅತಿಥಿಗೆ ಮರ್ಯಾದೆ ಇರುತ್ತದೆ, ಕೆಲಸ ಇರುವುದಿಲ್ಲ. ಕೆಲಸವಿಲ್ಲದವರು ಎದ್ದು ಹೋದರೂ ಯಾರಿಗೂ ಕೊರತೆ ಕಾಣುವುದಿಲ್ಲ. ಆದ್ದರಿಂದ ನಿಮ್ಮ ತರಗತಿಯಲ್ಲಿ ಅವರಿಲ್ಲದೆ ನಡೆಯದ ಕೆಲಸ ಯಾವುದಿದೆ ಎಂಬುದನ್ನು ಮೊದಲು ನೋಡಿಕೊಳ್ಳಿ.

ಇದನ್ನು ಬಹಳ ಹಿಂದೆಯೇ ಸಮಾಜ ಮನೋವಿಜ್ಞಾನಿಗಳು ವಿಚಾರಿಸಿದ್ದಾರೆ. ಭಿನ್ನ ಗುಂಪುಗಳ ಜನ ಒಂದೆಡೆ ಸೇರಿದ ಮಾತ್ರಕ್ಕೆ ಹತ್ತಿರವಾಗುವುದಿಲ್ಲ; ಅವರಿಗೆ ಸಮಾನ ಸ್ಥಾನ, ಒಂದೇ ಗುರಿ, ಕೂಡಿ ದುಡಿಯುವ ಅಗತ್ಯ ಮತ್ತು ಹಿರಿಯರ ಸ್ಪಷ್ಟ ಬೆಂಬಲ ಇರಬೇಕು ಎಂದು ಅಮೆರಿಕದ ಗೋರ್ಡನ್ ಆಲ್ಪೋರ್ಟ್ 1954ರಲ್ಲೇ ವಾದಿಸಿದ್ದರು. ಕಪ್ಪು, ಬಿಳಿ ಮತ್ತು ಲ್ಯಾಟಿನ್ ಅಮೆರಿಕನ್ ಮೂಲದ ಮಕ್ಕಳು ಮೊದಲ ಬಾರಿಗೆ ಒಂದೇ ಶಾಲೆಗೆ ಬಂದಾಗ ಟೆಕ್ಸಾಸ್‌ನ ಆಸ್ಟಿನ್ ನಗರದಲ್ಲಿ ಜಗಳಗಳು ಎದ್ದವು. 1971ರಲ್ಲಿ ಅಲ್ಲಿ ಎಲಿಯಟ್ ಆರನ್ಸನ್ ಎಂಬ ವಿದ್ವಾಂಸರು ಈ ವಿಚಾರವನ್ನು ತರಗತಿಯೊಳಕ್ಕೆ ತಂದರು. ಪಾಠವನ್ನು ತುಂಡುಗಳಾಗಿ ಹಂಚಿ, ಗುಂಪಿನ ಪ್ರತಿ ಮಗುವಿಗೂ ಒಂದೊಂದು ತುಂಡನ್ನು ಮಾತ್ರ ಕೊಟ್ಟು, ಪರೀಕ್ಷೆಯನ್ನು ಇಡೀ ಪಾಠದ ಮೇಲೆ ನಡೆಸಿದಾಗ, ಯಾರ ಮಾತನ್ನೂ ಕಡೆಗಣಿಸಲು ಯಾರಿಗೂ ಆಗಲಿಲ್ಲ.

ನಿಮ್ಮ ವಿಷಯದಲ್ಲಿ ಇದಕ್ಕೆ ಬೈತಖೋಲದ ಮೀನುಗಾರಿಕಾ ಬಂದರಿಗಿಂತ ಒಳ್ಳೆಯ ಜಾಗ ಬೇರೆ ಬೇಕಿಲ್ಲ. ನಾಲ್ವರ ಗುಂಪೊಂದನ್ನು ಬೆಳಿಗ್ಗೆ ದೋಣಿಗಳು ಬರುವ ಹೊತ್ತಿಗೆ ಅಲ್ಲಿಗೆ ಕರೆದೊಯ್ಯಿರಿ. ಒಬ್ಬರು ಮೀನಿನ ಉದ್ದ ಮತ್ತು ತೂಕ ಅಳೆಯಲಿ, ಒಬ್ಬರು ರೆಕ್ಕೆಯ ಮುಳ್ಳುಗಳನ್ನು ಎಣಿಸಿ ವೈಜ್ಞಾನಿಕ ಹೆಸರು ನಿರ್ಧರಿಸಲಿ, ಒಬ್ಬರು ಮೀನು ಮಾರುವ ಹೆಂಗಸರಿಂದ ಊರ ಹೆಸರು ಮತ್ತು ದರ ಕೇಳಿ ಬರೆದುಕೊಳ್ಳಲಿ, ಇನ್ನೊಬ್ಬರು ಇಷ್ಟನ್ನೂ ಕೋಷ್ಟಕಕ್ಕೆ ಇಳಿಸಲಿ. ಮುಂದಿನ ವಾರ ಈ ಕೆಲಸಗಳು ಕೈ ಬದಲಾಗಲಿ. ನಮ್ಮ ಬಂಗುಡೆ, ಅಂದರೆ ರಾಸ್ಟ್ರೆಲ್ಲಿಜರ್ ಕನಗುರ್ತ, ಇಲ್ಲಿಂದ ಆಫ್ರಿಕಾದ ಪೂರ್ವ ಕರಾವಳಿಯವರೆಗೂ ಇರುವ ಮೀನು. ನಿಮ್ಮ ವಿದ್ಯಾರ್ಥಿನಿ ಕಡಲಂಚಿನ ಊರಿನವಳಾಗಿದ್ದರೆ ಅದಕ್ಕೆ ಅವಳ ಭಾಷೆಯಲ್ಲಿ ಒಂದು ಹೆಸರೂ ಅವಳ ಮನೆಯಲ್ಲಿ ಒಂದು ಅಡುಗೆಯೂ ಇರುವುದು ಬಹುಮಟ್ಟಿಗೆ ಖಚಿತ. ಕೋಷ್ಟಕದಲ್ಲಿ ಕನ್ನಡದ ಬಂಗುಡೆ, ಕೊಂಕಣಿಯ ಬಾಂಗ್ಡೊ, ಪಕ್ಕದಲ್ಲಿ ಅವಳ ಊರಿನ ಹೆಸರು ಎಂದು ಮೂರು ಅಂಕಣಗಳಾದರೆ, ಆ ಮೂರನೆಯ ಅಂಕಣವನ್ನು ಗುಂಪಿನಲ್ಲಿ ಅವಳ ಹೊರತು ಯಾರೂ ತುಂಬಲಾರರು. ಹಾಗೆಯೇ ಮೀನುಗಾರರ ಮನೆಯಿಂದ ಬಂದ, ಇಂಗ್ಲಿಷಿನಲ್ಲಿ ಬಾಯಿ ತೆರೆಯಲು ಅಂಜುವ ನಮ್ಮ ಹುಡುಗನಿಗೂ ಅಲ್ಲಿ ತನ್ನದೇ ಆದ ಅಧಿಕಾರ ಇರುತ್ತದೆ. ಅವನು ಅವಳಿಗೆ ವಿವರಿಸಲೇಬೇಕಾಗುತ್ತದೆ, ಅವಳು ಅವನನ್ನು ಕೇಳಲೇಬೇಕಾಗುತ್ತದೆ.

ಗುಂಪುಗಳನ್ನು ನೀವೇ ಮಾಡಿ. ವಿದ್ಯಾರ್ಥಿಗಳ ಆಯ್ಕೆಗೆ ಬಿಟ್ಟರೆ ಕುಮಟಾದವರು ಕುಮಟಾದವರ ಜೊತೆ, ಹಾಸ್ಟೆಲಿನವರು ಹಾಸ್ಟೆಲಿನವರ ಜೊತೆ ಸೇರುತ್ತಾರೆ, ಉಳಿದ ಇಬ್ಬರು ತಾವಾಗಿಯೇ ಒಂದು ಗುಂಪಾಗುತ್ತಾರೆ. ನೇಪಾಳಕ್ಕೂ ಪೂರ್ವ ಆಫ್ರಿಕಾಕ್ಕೂ ಯಾವ ಸಂಬಂಧವೂ ಇಲ್ಲದಿದ್ದರೂ ಅವರಿಬ್ಬರನ್ನು ಜೊತೆಗೂಡಿಸಿದ್ದು ನಮ್ಮ ತರಗತಿಯ ಈ ಏರ್ಪಾಡೇ ಎಂಬುದನ್ನು ಗಮನಿಸಿ. ಇನ್ನೊಂದು ತಪ್ಪನ್ನು ನಾನೇ ಮಾಡಿದ್ದೇನೆ: ಹೊರದೇಶದ ವಿದ್ಯಾರ್ಥಿಯೊಬ್ಬನ ಇಂಗ್ಲಿಷ್ ಚೆನ್ನಾಗಿದೆ ಎಂದು ಗುಂಪಿನ ವರದಿಗಳನ್ನೆಲ್ಲ ಅವನಿಂದಲೇ ಬರೆಯಿಸಿದೆ. ಅವನು ಗುಂಪಿನ ಗುಮಾಸ್ತನಾದನೇ ಹೊರತು ಗೆಳೆಯನಾಗಲಿಲ್ಲ.

ಭಾಷೆಯ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಪಾಠ ಇಂಗ್ಲಿಷಿನಲ್ಲಿ ಆರಂಭವಾಗಿ, ಕಠಿಣವಾದ ಜಾಗ ಬಂದೊಡನೆ ಕನ್ನಡಕ್ಕೋ ಕೊಂಕಣಿಗೋ ಹೊರಳುತ್ತದೆ. ನಮ್ಮ ಮಕ್ಕಳಿಗೆ ಅದು ಬೇಕೇ ಬೇಕು, ಅದನ್ನು ನಿಲ್ಲಿಸಿ ಎಂದು ನಾನು ಹೇಳಲಾರೆ. ಆದರೆ ಅತ್ಯಂತ ಅಗತ್ಯವಾದ ವಿವರಣೆಯೇ ಆ ಇಬ್ಬರಿಗೆ ತಪ್ಪಿಹೋಗುತ್ತದೆ. ಕನ್ನಡದಲ್ಲಿ ಹೇಳಿದ್ದರ ಸಾರವನ್ನು ಒಬ್ಬ ವಿದ್ಯಾರ್ಥಿ ಎರಡೇ ವಾಕ್ಯಗಳಲ್ಲಿ ಇಂಗ್ಲಿಷಿನಲ್ಲಿ ಹೇಳುವ ಪದ್ಧತಿ ಇಟ್ಟುಕೊಂಡರೆ, ಹೇಳಿದವನ ತಿಳಿವಳಿಕೆಯೂ ಗಟ್ಟಿಯಾಗುತ್ತದೆ. ಪ್ರಶ್ನೆ ಕೇಳಿದ ಮೇಲೆ ಸ್ವಲ್ಪ ಕಾಯುವುದನ್ನೂ ರೂಢಿಸಿಕೊಳ್ಳಿ. ಅಧ್ಯಾಪಕರು ಉತ್ತರಕ್ಕಾಗಿ ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಸುಮ್ಮನಿರುತ್ತಿದ್ದವರೂ ಉತ್ತರಿಸತೊಡಗುತ್ತಾರೆ ಎಂದು ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ 1970ರ ದಶಕದಲ್ಲಿ ತೋರಿಸಿಕೊಟ್ಟಿದ್ದರು. ಪರಭಾಷೆಯಲ್ಲಿ ಯೋಚಿಸಿ ಉತ್ತರ ಕೊಡುವವರಿಗೆ ಈ ಎರಡು ಸೆಕೆಂಡುಗಳ ಬೆಲೆ ದೊಡ್ಡದು.

ಮೈಬಣ್ಣದ ಮಾತನ್ನು ನೀವು ಬರೆದಿಲ್ಲ, ಆದರೂ ನಾನು ಹೇಳುತ್ತೇನೆ. ಯಲ್ಲಾಪುರ, ಹಳಿಯಾಳ, ಅಂಕೋಲಾ ತಾಲೂಕುಗಳಲ್ಲಿ ತಲೆಮಾರುಗಳಿಂದ ಬಾಳುತ್ತಿರುವ, ಕನ್ನಡ ಮತ್ತು ಕೊಂಕಣಿ ಮಾತನಾಡುವ, 2003ರಲ್ಲಿ ಪರಿಶಿಷ್ಟ ಪಂಗಡವೆಂದು ಮಾನ್ಯತೆ ಪಡೆದ, ಆಫ್ರಿಕಾ ಮೂಲದ ಪೂರ್ವಜರ ಸಿದ್ದಿ ಸಮುದಾಯದವರನ್ನೇ ಬಸ್ಸಿನಲ್ಲಿ "ಯಾವ ದೇಶ?" ಎಂದು ಕೇಳುವವರಿದ್ದಾರೆ. ಹಾಗಿರುವಾಗ ಆಫ್ರಿಕಾದಿಂದ ಬಂದವಳಿಗೆ ಪೇಟೆಯಲ್ಲಿ ಏನೇನು ಎದುರಾಗುತ್ತಿರಬಹುದು ಎಂಬುದನ್ನು ಊಹಿಸಿಕೊಳ್ಳಿ. ಕೇಳದೆ ಫೋಟೊ ತೆಗೆಯುವುದು, ಕೂದಲು ಮುಟ್ಟಿ ನೋಡುವುದು, ಅಡ್ಡಹೆಸರು ಇಡುವುದು ಇವೆಲ್ಲ "ಯಾರೂ ನೋಯಿಸಿಲ್ಲ" ಎಂಬ ಮಾತಿನೊಳಗೆ ಅಡಗಿಬಿಡುತ್ತವೆ. ಅವಳನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು ವಿಚಾರಿಸಿ. ತರಗತಿಗೆ ಹೇಳಬೇಕಾದುದನ್ನು ಅವಳಿಲ್ಲದಾಗ, ಅವಳ ಹೆಸರೆತ್ತದೆ ಹೇಳಿ.

ನೇಪಾಳದ ಹುಡುಗನ ಕಷ್ಟ ಬೇರೆ ತರಹದ್ದು. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲಿದ್ದ 46,878 ವಿದೇಶಿ ವಿದ್ಯಾರ್ಥಿಗಳಲ್ಲಿ ಸುಮಾರು ಶೇ. 28ರಷ್ಟು ಮಂದಿ ನೇಪಾಳದವರು. ನೋಡಲು ನಮ್ಮವರಂತೆ ಇದ್ದಾನೆ, ಹಿಂದಿಯೂ ಬರುತ್ತದೆ ಎಂದುಕೊಂಡು ಅವನಿಗೆ ನೆರವು ಬೇಕೆಂಬುದನ್ನೇ ನಾವು ಮರೆಯುತ್ತೇವೆ. ನೇಪಾಳದವರಿಗೆ ಇಲ್ಲಿ ವೀಸಾ ಬೇಕಿಲ್ಲ ಎಂಬುದು ನಿಜ. ಬೇರೆ ದೇಶಗಳಿಂದ 180 ದಿನಗಳಿಗೆ ಮೀರಿದ ವೀಸಾದಲ್ಲಿ ಬರುವ ವಿದ್ಯಾರ್ಥಿಗಳು ಬಂದ 14 ದಿನಗಳೊಳಗೆ ವಿದೇಶೀಯರ ನೋಂದಣಿ ಮಾಡಿಸಬೇಕು. ಆದರೆ ಬ್ಯಾಂಕ್ ಖಾತೆಗೂ ಬಾಡಿಗೆ ಮನೆಗೂ ದಾಖಲೆಗಳ ಅಲೆದಾಟ ನೇಪಾಳದವನಿಗೂ ಇದ್ದೇ ಇದೆ. ಕಚೇರಿಗೆ ಹೋಗುವಾಗ ಕನ್ನಡ ಬಲ್ಲ ಸಹಪಾಠಿಯೊಬ್ಬ ಜೊತೆಗಿದ್ದರೆ ಮೂರು ದಿನದ ಕೆಲಸ ಒಂದು ದಿನಕ್ಕೆ ಮುಗಿಯುತ್ತದೆ.

ಕೊನೆಯದಾಗಿ ಚೌತಿ. ಹಬ್ಬಕ್ಕೆಂದು ಎಲ್ಲರೂ ಊರಿಗೆ ಹೊರಟು, ಮೆಸ್ ಬಾಗಿಲು ಹಾಕಿ, ಮಳೆ ಸುರಿಯುವ ಹಾಸ್ಟೆಲಿನಲ್ಲಿ ಈ ಇಬ್ಬರೇ ಬಿಸ್ಕತ್ತು ತಿಂದು ದಿನ ಕಳೆಯುವಂತಾಗಬಾರದು. ಮೆಸ್ ಯಾವ ದಿನಗಳಲ್ಲಿ ಮುಚ್ಚಿರುತ್ತದೆ ಎಂಬುದನ್ನು ಹದಿನೈದು ದಿನ ಮೊದಲೇ ಕೇಳಿಕೊಳ್ಳಿ. ನಿಮ್ಮ ತರಗತಿಯಲ್ಲಿ ಶಿರಸಿ, ಸಿದ್ದಾಪುರದ ಕಡೆಯವರಿದ್ದರೆ, ಹಬ್ಬದ ಊಟಕ್ಕಿಂತ ಮೊದಲು ನಡೆಯುವ ಚಕ್ಕುಲಿ ಕಂಬಳಕ್ಕೇ ಇವರನ್ನು ಕರೆದೊಯ್ಯಲು ಹೇಳಿ. ಅಕ್ಕಪಕ್ಕದ ಮನೆಯವರೆಲ್ಲ ಜಗುಲಿಯಲ್ಲಿ ಸುತ್ತ ಕೂತು ಹಿಟ್ಟು ಹೊಸೆದು ಕೈಯಲ್ಲೇ ಚಕ್ಕುಲಿ ಸುತ್ತುವಾಗ, ಬಂದವರ ಮುಂದೆಯೂ ಒಂದು ಉಂಡೆ ಹಿಟ್ಟು ಇಡುತ್ತಾರೆ. ಮೊದಲ ಚಕ್ಕುಲಿ ಸೊಟ್ಟಗಾದರೂ ಎಣ್ಣೆಗೆ ಬೀಳುತ್ತದೆ.