ಓದುಗರ ಪ್ರಶ್ನೆ: ನೂರು ಕಿಲೋಮೀಟರ್ ಸವಾಲಿಗೆ ದುಬಾರಿ ಶೂ ಬೇಕೇ?

ಪ್ರಶ್ನೆ: ಕಲಬುರಗಿಯ ನಮ್ಮ ಬಡಾವಣೆಯ ಗೆಳೆಯರು ಏಪ್ರಿಲ್‌ನಲ್ಲಿ 30 ದಿನಕ್ಕೆ 100 ಕಿ.ಮೀ. ಓಡುವ ಸವಾಲು ಹಾಕಿಕೊಂಡಿದ್ದಾರೆ. ನನಗೆ 43 ವರ್ಷ, ಸರ್ಕಾರಿ ನೌಕರ, ಈವರೆಗೆ ಓಡಿದವನಲ್ಲ. ಏಳೆಂಟು ಸಾವಿರ ರೂಪಾಯಿಯ ಶೂ ಕೊಳ್ಳಲೇಬೇಕೇ? ಇನ್ನೇನು ಬೇಕು?

ಉತ್ತರ: ಓಟಕ್ಕೆಂದೇ ಮಾಡಿದ ಶೂ ಬೇಕು, ದುಬಾರಿಯದು ಬೇಡ. ಆದರೆ ಅಂಗಡಿಗೆ ಹೋಗುವ ಮೊದಲು ನಿಮ್ಮ ಬಳಗದ ನಿಯಮವನ್ನು ಬದಲಿಸಿಕೊಳ್ಳಿ. ಹೊಸಬರ ಕಾಲು ಕೆಡುವುದು ಹೆಚ್ಚಾಗಿ ಅಲ್ಲಿಯೇ.

ದಿನಕ್ಕೆ ಮೂರು ಕಿಲೋಮೀಟರ್ ಚಿಲ್ಲರೆ ಎಂದರೆ ಕಡಿಮೆ ಎನಿಸುತ್ತದೆ. ಆದರೆ ಮದುವೆ, ಜಾತ್ರೆ, ಜ್ವರ ಎಂದು ಒಂದು ವಾರ ತಪ್ಪುತ್ತದೆ. ಆಮೇಲೆ ಲೆಕ್ಕ ತುಂಬಿಸಲು ದಿನಕ್ಕೆ ಹತ್ತು ಕಿ.ಮೀ. ಓಡುವವರನ್ನು ನಾನು ಕಂಡಿದ್ದೇನೆ. ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತದೆ, ಎಲುಬು ಮತ್ತು ಸ್ನಾಯುರಜ್ಜುಗಳು ಪಳಗಲು ತಿಂಗಳುಗಳೇ ಬೇಕು. ಮೊದಲ ಸಲ ನಾನೂ ಹೀಗೆಯೇ ಆತುರಪಟ್ಟು, ಮೊಣಕಾಲ ಕೆಳಗಿನ ಎಲುಬಿನುದ್ದಕ್ಕೂ ನೋವು ತಂದುಕೊಂಡು ಆರು ವಾರ ಮನೆಯಲ್ಲಿ ಕುಳಿತೆ. ಆದ್ದರಿಂದ ಕಿಲೋಮೀಟರ್ ಬಿಟ್ಟು ದಿನಗಳನ್ನು ಎಣಿಸಿ: ವಾರಕ್ಕೆ ನಾಲ್ಕು ದಿನ, ಅರ್ಧ ಗಂಟೆ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಪಕ್ಕದವರೊಡನೆ ಪೂರ್ತಿ ವಾಕ್ಯ ಆಡಲಾಗದಿದ್ದರೆ ವೇಗ ಹೆಚ್ಚಾಯಿತೆಂದೇ ಅರ್ಥ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಎದೆನೋವು ಇದ್ದವರು ಮೊದಲು ವೈದ್ಯರನ್ನು ಕಾಣಲೇಬೇಕು.

ಇನ್ನು ಶೂ. ಮನೆಯಲ್ಲಿರುವ ಹಳೆಯ ಜೋಡಿಯನ್ನು ಫರಸಿಯ ಮೇಲಿಟ್ಟು, ನೆಲಕ್ಕೆ ಕಣ್ಣು ತಂದು ಹಿಂದಿನಿಂದ ನೋಡಿ. ಹಿಮ್ಮಡಿ ಒಂದು ಕಡೆಗೆ ವಾಲಿದೆಯೇ? ಅಟ್ಟೆಯ ಮೇಲಿನ ಸ್ಪಂಜಿನ ಪದರದಲ್ಲಿ ಆಳವಾದ ಸುಕ್ಕುಗಳಿವೆಯೇ? ಹಾಗಿದ್ದರೆ ಅದನ್ನು ಮಾರುಕಟ್ಟೆಗೆ ಹೋಗಿಬರಲು ಇಟ್ಟುಕೊಳ್ಳಿ. ಆ ಪದರವೇ ಶೂವಿನ ಜೀವ. ಸಾಮಾನ್ಯವಾಗಿ 500ರಿಂದ 800 ಕಿ.ಮೀ.ಗೆ ಅದು ಕುಗ್ಗಿಹೋಗುತ್ತದೆ. ನಮ್ಮ ಬಿಸಿಲಿನಲ್ಲಿ ಕಾರಿನೊಳಗೋ ಮಾಳಿಗೆಯ ಮೇಲೋ ಬಿಟ್ಟರೆ ಅಂಟು ಬೇಗ ಬಿಡುತ್ತದೆ. ತೊಳೆದ ಶೂ ನೆರಳಿನಲ್ಲೇ ಒಣಗಲಿ.

ಹೊಸದನ್ನು ಸಂಜೆಯೇ ಕೊಳ್ಳಿ. ದಿನವಿಡೀ ಓಡಾಡಿದ ಪಾದ ಬೆಳಗಿನದಕ್ಕಿಂತ ಸ್ವಲ್ಪ ಊದಿರುತ್ತದೆ, ಓಡುವಾಗಲೂ ಹಾಗೆಯೇ. ಓಟಕ್ಕೆ ಹಾಕುವ ಕಾಲುಚೀಲವನ್ನೇ ಧರಿಸಿ ಎದ್ದು ನಿಲ್ಲಿ. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನಗಲ ಜಾಗ ಉಳಿಯಬೇಕು, ಹಿಮ್ಮಡಿ ಜಾರಬಾರದು. ಅಂಗಡಿಯಲ್ಲೇ ನಾಲ್ಕು ಹೆಜ್ಜೆ ಓಡಿ. 'ಬಳಸುತ್ತ ಸಡಿಲವಾಗುತ್ತದೆ' ಎಂದರೆ ನಂಬಬೇಡಿ, ಓಟದ ಶೂ ಮೊದಲ ದಿನವೇ ಹಿತವಾಗಿರಬೇಕು. ಹಿಂದಿನ ವರ್ಷದ ಮಾದರಿ ರಿಯಾಯಿತಿಯಲ್ಲಿ ಸಿಕ್ಕರೆ ಅದೇ ಒಳ್ಳೆಯ ಖರೀದಿ. ಮಳೆಗಾಲದಲ್ಲಿ ಮಾತ್ರ ಎರೆಮಣ್ಣಿನ ದಾರಿ ಬಿಡಿ. ಹತ್ತು ಹೆಜ್ಜೆಗೆ ಅಟ್ಟೆಯಡಿ ಹೆಂಟೆಯಷ್ಟು ಮಣ್ಣು ಮೆತ್ತಿ, ಕಾಲು ಎತ್ತಲಾಗದಷ್ಟು ಭಾರವಾಗುತ್ತದೆ. ಒದ್ದೆಯಾದ ಫರಸಿ ಜಾರುತ್ತದೆ ಎಂಬುದನ್ನು ನಮ್ಮೂರಿನವರಿಗೆ ಹೇಳಬೇಕಿಲ್ಲ.

ಶೂ ಆದ ಮೇಲೆ ಉಳಿದ ಹಣ ಕಾಲುಚೀಲಕ್ಕಿರಲಿ. ಹತ್ತಿಯದು ಬೆವರು ಹಿಡಿದಿಟ್ಟು ಗುಳ್ಳೆ ಏಳಿಸುತ್ತದೆ, ಪಾಲಿಯೆಸ್ಟರ್ ಬೆರೆತದ್ದು ಬೇಗ ಒಣಗುತ್ತದೆ. ಬಳಗದಲ್ಲಿರುವ ಹೆಣ್ಣುಮಕ್ಕಳಿಗೆ ಗಟ್ಟಿಯಾದ ಸ್ಪೋರ್ಟ್ಸ್ ಬ್ರಾ ಶೂವಿನಷ್ಟೇ ಮುಖ್ಯ. ಗಡಿಯಾರ ಬೇಡ, ಮೊಬೈಲ್ ಸಾಕು.

ಏಪ್ರಿಲ್ ಎಂದಿರಿ, ಅದೇ ನನಗೆ ಚಿಂತೆ. ಬಿಸಿಲು ತಾಳದೆ ಸರ್ಕಾರವೇ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಇಳಿಸುತ್ತ ಬಂದಿದೆ. ನೀವು ಬೆಳಗಿನ ಐದಕ್ಕೇ ಅಪ್ಪನ ಕೆರೆಯ ದಂಡೆಗೋ ವಿಶ್ವವಿದ್ಯಾಲಯದ ಆವರಣಕ್ಕೋ ಹೋಗಿ, ಆರೂವರೆಯೊಳಗೆ ಮನೆ ಸೇರಿ. ಸಂಜೆ ಓಡಬೇಡಿ, ಕಾದ ಡಾಂಬರು ಏಳು ಗಂಟೆಗೂ ಬಿಸಿ ಕಾರುತ್ತಿರುತ್ತದೆ. ಬಿಸಿಲಿಗೆ ಮೈ ಒಗ್ಗಲು ಒಂದೆರಡು ವಾರ ಬೇಕು, ಅಲ್ಲಿಯವರೆಗೆ ನಡಿಗೆಯೇ ಹೆಚ್ಚಿರಲಿ. ಮರಳಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ತಲೆ ಸುತ್ತಿದರೆ, ಬಿಸಿಯಲ್ಲೂ ಮೈ ನಡುಗಿದರೆ ತಕ್ಷಣ ನಿಂತು ನೆರಳು ಸೇರಿ, ಕುತ್ತಿಗೆಗೆ, ಕಂಕುಳಿಗೆ ತಣ್ಣೀರಿನ ಬಟ್ಟೆ ಹಾಕಿ. ಜೊತೆಗಾರ ತೊದಲತೊಡಗಿದರೆ ಅಥವಾ ಅಸಂಬದ್ಧವಾಗಿ ಮಾತನಾಡಿದರೆ ಮೈಗೆ ನೀರು ಸುರಿಯುತ್ತಲೇ ಆಸ್ಪತ್ರೆಗೆ ಒಯ್ಯಿರಿ. ನೂರು ಕಿಲೋಮೀಟರಿನ ಸವಾಲನ್ನು ನವೆಂಬರಿಗೆ ಮುಂದೂಡಲು ಗೆಳೆಯರು ಒಪ್ಪಿದರೆ ಇನ್ನೂ ಒಳ್ಳೆಯದು. ಅಷ್ಟು ಹೊತ್ತಿಗೆ ನಿಮ್ಮ ಕಾಲು ಅದಕ್ಕೆ ಸಿದ್ಧವಾಗಿರುತ್ತದೆ.