ಸೆಖೆ ಒಳಗೆ, ರೇಂಜ್ ಹೊರಗೆ

ಕಾಸರಗೋಡಿನ ಬದಿಯಡ್ಕ, ಕುಂಬಳೆ, ಉಪ್ಪಳದ ಕಡೆ ಹೊಸ ಮನೆ ಕಟ್ಟಿದವರನ್ನು ಮಾತಾಡಿಸಿದರೆ ಎರಡು ದೂರು ಒಟ್ಟಿಗೇ ಬರುತ್ತವೆ. ಒಂದು, ಮನೆಯೊಳಗೆ ತಡೆಯಲಾಗದ ಸೆಖೆ. ಇನ್ನೊಂದು, ಫೋನಿಗೆ ರೇಂಜ್ ಇಲ್ಲ. ಸೆಖೆಗೆ ಎಸಿ ಹಾಕಿಸುತ್ತಾರೆ. ರೇಂಜಿಗೆ ಟವರ್ ಬೇಕು ಅನ್ನುತ್ತಾರೆ, ಟವರ್ ಬಂದರೆ ಬೇಡ ಅನ್ನುವವರೂ ಇದ್ದಾರೆ. ಇವೆರಡೂ ಬೇರೆ ಬೇರೆ ಜಗಳ ಅಂತ ನಾವು ತಿಳಿದಿದ್ದೇವೆ. ಆದರೆ ಬಿಸಿಲು, ಬಿಸಿ ನೆಲದಿಂದ ಏಳುವ ಶಾಖ, ಫೋನಿನ ಸಿಗ್ನಲ್ ಮೂರೂ ಒಂದೇ ಜಾತಿಯ ಅಲೆಗಳು. ಉದ್ದ ಮಾತ್ರ ಬೇರೆ. ಯಾವ ಅಲೆ ಒಳಗೆ ಬರಬೇಕು, ಯಾವುದು ಹೊರಗೇ ನಿಲ್ಲಬೇಕು ಅನ್ನುವುದು ಗೋಡೆ, ಮಾಡು, ಕಿಟಕಿಯ ಕೈಯಲ್ಲಿದೆ.

ಹಿಂದೆ ನಮ್ಮ ಗೋಡೆಯೆಂದರೆ ಮುರಕಲ್ಲು, ಅಂದರೆ ಇಲ್ಲಿನ ಕೆಂಪು ಕಲ್ಲು. ಬೇಕಲ ಕೋಟೆ ನಿಂತಿರುವುದೂ ಅದರಲ್ಲೇ. ಮೇಲೆ ಮುಳಿಹುಲ್ಲು ಅಥವಾ ತೆಂಗಿನ ಮಡಲು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಶುರು ಮಾಡಿತು, ಹುಲ್ಲು ಹೋಗಿ ಹಂಚು ಬಂತು. 1970ರ ದಶಕದಿಂದ ಗಲ್ಫ್ ದುಡ್ಡು ಬಂತು, ಹಂಚು ಹೋಗಿ ತಾರಸಿ ಬಂತು.

ಹಂಚಿನ ಮನೆಯಲ್ಲಿ ಗಾಜು ಎಲ್ಲಿತ್ತು ಹೇಳಿ? ಅಡುಗೆಮನೆಯ ಮಾಡಿನಲ್ಲಿ ಒಂದೋ ಎರಡೋ ಗಾಜಿನ ಹಂಚು, ಅಷ್ಟೇ. ಕಿಟಕಿಗೆ ಮರದ ಬಾಗಿಲು. ಇಳಿಜಾರು ಮಾಡು ಜಗಲಿ ದಾಟಿ ಮುಂದಕ್ಕೆ ಚಾಚಿರುತ್ತಿತ್ತು, ಬಿಸಿಲು ಗೋಡೆಗೆ ನೇರವಾಗಿ ಬೀಳುತ್ತಲೇ ಇರಲಿಲ್ಲ. ಬಿಸಿ ಗಾಳಿ ಹಂಚಿನ ಸಂದಿಯಲ್ಲಿ ಹೊರಗೆ ಹೋಗುತ್ತಿತ್ತು.

ಈಗಿನ ತೊಡಕು ಶುರುವಾದದ್ದು ದೊಡ್ಡ ಗಾಜು ಅಗ್ಗವಾದ ಮೇಲೆ. ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಹಾಳೆ ಮಾಡುವ ವಿಧಾನವನ್ನು ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪೆನಿ 1959ರಲ್ಲಿ ಜಗತ್ತಿಗೆ ತಿಳಿಸಿತು. ಆಮೇಲೆ ಗೋಡೆಯಷ್ಟು ದೊಡ್ಡ ಗಾಜೂ ಕೈಗೆಟುಕಿತು. ಚಳಿದೇಶದವರಿಗೆ ಅದು ವರ. ಬಿಸಿಲು ಒಳಗೆ ಬಂದು ಕೋಣೆ ಬೆಚ್ಚಗಾದರೆ ಅವರಿಗೆ ಸಂತೋಷ ಅಲ್ವಾ? ನಮ್ಮಲ್ಲಿ ಅದೇ ಗಾಜು ಪಡುವಣದ ಗೋಡೆಗೆ ಬಂತು.

ಒಳಗೆ ಆಗುವುದು ಇಷ್ಟು. ಬೆಳಕಿನ ಅಲೆಯ ಉದ್ದ ಮಿಲಿಮೀಟರಿನ ಸುಮಾರು ಎರಡು ಸಾವಿರದಲ್ಲಿ ಒಂದು ಪಾಲು. ಸಾದಾ ಗಾಜು ಅದರಲ್ಲಿ ಹೆಚ್ಚಿನದನ್ನು ಬಿಟ್ಟುಬಿಡುತ್ತದೆ. ಅದು ನೆಲ, ಸೋಫಾ, ಪರದೆಯ ಮೇಲೆ ಬಿದ್ದು ಶಾಖವಾಗುತ್ತದೆ. ಬಿಸಿಯಾದ ನೆಲವೂ ಅಲೆ ಹೊರಡಿಸುತ್ತದೆ, ಆದರೆ ಅದರ ಉದ್ದ ಮಿಲಿಮೀಟರಿನ ನೂರರಲ್ಲಿ ಒಂದು ಪಾಲಿನಷ್ಟು. ಈ ಉದ್ದದ ಅಲೆಗೆ ಗಾಜು ಗೋಡೆಯಿದ್ದಂತೆ. ಹೀರಿಕೊಳ್ಳುತ್ತದೆ, ಒಂದು ಪಾಲನ್ನು ಮತ್ತೆ ಒಳಗೇ ಕೊಡುತ್ತದೆ. ಕಿಟಕಿ ಮುಚ್ಚಿದ್ದರೆ ಬಿಸಿ ಗಾಳಿಗೂ ದಾರಿಯಿಲ್ಲ. ಒಳಗಿನ ಪರದೆ ಎಳೆದರೂ ಪ್ರಯೋಜನ ಕಡಿಮೆ, ಯಾಕೆಂದರೆ ಬಿಸಿಲು ಆಗಲೇ ಗಾಜು ದಾಟಿಬಿಟ್ಟಿದೆ.

ಇದಕ್ಕೆ ಮದ್ದೆಂದು ಬಂದದ್ದು ಲೋಹದ ಲೇಪವಿರುವ ಗಾಜು ಮತ್ತು ಫಿಲ್ಮ್. ಕಣ್ಣಿಗೆ ಕಾಣದಷ್ಟು ತೆಳುವಾದ ಬೆಳ್ಳಿಯ ಪದರ ಶಾಖದ ಅಲೆಗಳನ್ನು ಹಿಂದಕ್ಕೆ ಕಳಿಸುತ್ತದೆ. ಕೆಲಸ ಮಾಡುತ್ತದೆ, ಅನುಮಾನವಿಲ್ಲ. ಆದರೆ ಲೋಹ ಫೋನಿನ ಅಲೆಯನ್ನೂ ಹಾಗೇ ಕಳಿಸುತ್ತದೆ. 900 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 33 ಸೆಂಟಿಮೀಟರ್, ಅಂದರೆ ಒಂದೂವರೆ ಗೇಣು. 1800ರದ್ದು ಒಂದು ಗೇಣಿಗೂ ಕಡಿಮೆ. 5ಜಿಯ 3500ರದ್ದು ನಾಲ್ಕು ಬೆರಳಿಗಿಂತ ಸ್ವಲ್ಪ ಜಾಸ್ತಿ. ಸಾದಾ ಗಾಜನ್ನು ಇವು ಹೆಚ್ಚು ನಷ್ಟವಿಲ್ಲದೆ ದಾಟುತ್ತವೆ. ಬೆಳ್ಳಿ ಲೇಪದ ಗಾಜು ಸಿಗ್ನಲನ್ನು 30 ಡೆಸಿಬೆಲ್‌ವರೆಗೂ ಇಳಿಸಬಲ್ಲದು. ಆಗ ಒಳಗೆ ಸಿಗುವುದು ಸಾವಿರದಲ್ಲಿ ಒಂದು ಪಾಲು. ಅದರ ಜೊತೆಗೆ ಕಬ್ಬಿಣ ಹಾಕಿದ ಕಾಂಕ್ರೀಟು, ಮಳೆ ಸೋರಬಾರದೆಂದು ತಾರಸಿಯ ಮೇಲೆ ಹಾಕಿದ ಲೋಹದ ಶೀಟು. ಆಟಿ ತಿಂಗಳ ಮಳೆಯಲ್ಲಿ ನೆಂದ ಮುರಕಲ್ಲು ಕೂಡ ಒಣ ಕಲ್ಲಿಗಿಂತ ಜಾಸ್ತಿ ಸಿಗ್ನಲ್ ನುಂಗುತ್ತದೆ.

2020ರಲ್ಲಿ ಆನ್‌ಲೈನ್ ಕ್ಲಾಸು ಶುರುವಾದಾಗ ಇದು ಎಲ್ಲರ ಮನೆಯ ಮಾತಾಯಿತು. ಮಕ್ಕಳು ಪುಸ್ತಕ ಹಿಡಿದು ಗುಡ್ಡೆ ಹತ್ತಿದರು, ತಾರಸಿಯಲ್ಲಿ ಕೊಡೆ ಹಿಡಿದು ಕೂತರು. ಎಷ್ಟೋ ಕಡೆ ನಿಜಕ್ಕೂ ಟವರ್ ದೂರ ಇತ್ತು. ಆದರೆ ಅಂಗಳದಲ್ಲಿ ನಾಲ್ಕು ಗೆರೆ, ಚಾವಡಿಯಲ್ಲಿ ಸೊನ್ನೆ ಇದ್ದ ಮನೆಗಳೂ ಇದ್ದವು. ಅಲ್ಲಿ ತಡೆ ಇದ್ದದ್ದು ಮನೆಯಲ್ಲೇ. ಕಟ್ಟುವಾಗ ಎಷ್ಟು ಕೋಣೆ, ಯಾವ ಟೈಲ್ಸ್ ಅಂತ ತಿಂಗಳುಗಟ್ಟಲೆ ಚರ್ಚೆ ಆಗುತ್ತದೆ. ಈ ಗಾಜು ಏನನ್ನು ಬಿಡುತ್ತದೆ, ಏನನ್ನು ತಡೆಯುತ್ತದೆ ಎಂಬ ಪ್ರಶ್ನೆ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ನನಗೆ ಬೇಸರವಾಗುವುದು ಅಲ್ಲೇ.

ಬೇರೆಡೆ ಈ ಪ್ರಶ್ನೆ ಕೇಳಿದ್ದಾರೆ. ಯುರೋಪಿನ ಕೆಲವು ರೈಲುಗಳಲ್ಲಿ ಕಿಟಕಿಯ ಲೋಹದ ಪದರಕ್ಕೆ ಲೇಸರ್‌ನಿಂದ ಸಣ್ಣ ಗೆರೆ ಕೊರೆಯುತ್ತಾರೆ. ಶಾಖವನ್ನು ಆ ಪದರ ಆಗಲೂ ತಡೆಯುತ್ತದೆ, ಫೋನಿನ ಅಲೆ ಮಾತ್ರ ಒಳಗೆ ಬರುತ್ತದೆ.

ನಮ್ಮ ಮನೆಯ ಪಡುವಣ ಕಿಟಕಿಗೂ ಲೋಹದ ಫಿಲ್ಮ್ ಅಂಟಿಸಿದ್ದೆವು. ಕಳೆದ ಬೇಸಗೆಯಲ್ಲಿ ಅದನ್ನು ಕಿತ್ತು, ಹೊರಗಡೆ ಬಿದಿರಿನ ತಟ್ಟಿ ಕಟ್ಟಿದೆವು. ಬಿಸಿಲು ಗಾಜಿಗೆ ತಾಗುವ ಮೊದಲೇ ನಿಲ್ಲುತ್ತದೆ. ಒಣ ಬಿದಿರು ಫೋನಿನ ಅಲೆಗೆ ಹೆಚ್ಚು ಅಡ್ಡಿಯಲ್ಲ. ಸಂಜೆ ನಾಲ್ಕಕ್ಕೆ ಈಗ ಆ ಕೋಣೆಯಲ್ಲಿ ಕೂರಬಹುದು, ಅಲ್ಲೇ ಕೂತು ಫೋನಿನಲ್ಲಿ ಮಾತಾಡಲೂಬಹುದು.