ವೃಕ್ಷ ಅಧಿಕಾರಿ ಅಂದರೆ ಯಾರು? ಪುರಸಭೆ ಠರಾವು ಮಾಡಿದರೆ ಮರ ಕಡಿಯಬಹುದಾ?

ಪುರಸಭೆಯ ಸಾಮಾನ್ಯ ಸಭೆಯ ಅಜೆಂಡಾದಲ್ಲಿ ಬೀದಿ ಮರದ ವಿಷಯ ಮೊದಲೇ ಅಚ್ಚಾಗಿರುವುದು ಕಡಿಮೆ. ಕೊನೆಯಲ್ಲಿ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು’ ಅಂತ ಒಂದು ಸಾಲು ಇರುತ್ತಲ್ಲ, ಅಲ್ಲಿ ಬರುತ್ತದೆ. ಒಬ್ಬ ಸದಸ್ಯರು ಎದ್ದು, ‘ಅಧ್ಯಕ್ಷರೇ, ನಮ್ಮ ವಾರ್ಡಿನ ಮಳೆಮರ ಮನೆ ಮೇಲೆ ಬೀಳೋ ಹಾಗಿದೆ, ಕಡಿಸಿ’ ಅನ್ನುತ್ತಾರೆ. ಇನ್ನೊಬ್ಬರು, ‘ಅದರ ನೆರಳಲ್ಲೇ ಸಂತೆ ನಡೆಯೋದು, ಕಡಿಯೋಕೆ ಬಿಡಲ್ಲ’ ಅನ್ನುತ್ತಾರೆ. ಮಾತಿಗೆ ಮಾತು ಬೆಳೆಯುತ್ತದೆ. ಕೊನೆಗೆ ನಡಾವಳಿಯಲ್ಲಿ ‘ಮರ ತೆರವುಗೊಳಿಸಲು ಸಭೆಯು ಠರಾವಿಸಿತು’ ಅಂತ ದಾಖಲಾಗುತ್ತದೆ. ಸಂಜೆಯೊಳಗೆ ಊರಲ್ಲಿ ಸುದ್ದಿ, ಆ ಮರ ಹೋಯ್ತು ಅಂತ.

ಹೋಗಿಲ್ಲ. ಆ ಠರಾವನ್ನು ಹಿಡಿದುಕೊಂಡು ಯಾರೂ ಮರಕ್ಕೆ ಗರಗಸ ಹಾಕುವ ಹಾಗಿಲ್ಲ. ಅದಕ್ಕೆ ವೃಕ್ಷ ಅಧಿಕಾರಿಯ ಲಿಖಿತ ಅನುಮತಿ ಬೇಕು. ಈ ಹುದ್ದೆಯ ಹೆಸರು ಗೊತ್ತಿಲ್ಲದ ಕಾರಣಕ್ಕೇ ಎಷ್ಟೋ ಊರುಗಳಲ್ಲಿ ಜನ ತಪ್ಪು ಬಾಗಿಲು ತಟ್ಟುತ್ತಾರೆ. ಅಷ್ಟರಲ್ಲಿ ಮರ ನೆಲಕ್ಕೆ ಬಿದ್ದಿರುತ್ತದೆ.

ವೃಕ್ಷ ಅಧಿಕಾರಿ ಎಂಬ ಹುದ್ದೆ ಬಂದಿದ್ದು ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಿಂದ, 1976ರಲ್ಲಿ. ಸರ್ಕಾರ ಅಧಿಸೂಚನೆ ಹೊರಡಿಸಿ ಅರಣ್ಯ ಇಲಾಖೆಯ ಅಧಿಕಾರಿಯೊಬ್ಬರನ್ನು ಈ ಕೆಲಸಕ್ಕೆ ನೇಮಿಸುತ್ತದೆ. ಅವರು ಪುರಸಭೆಯ ನೌಕರರಲ್ಲ, ಅಧ್ಯಕ್ಷರ ಕೈಕೆಳಗಿನವರೂ ಅಲ್ಲ. ಮರ ಕಡಿಸಬೇಕು ಅಂದರೆ ಪುರಸಭೆಯ ಮುಖ್ಯಾಧಿಕಾರಿಯೂ ನಿಮ್ಮ ನಮ್ಮ ಹಾಗೆ ಅವರಿಗೆ ಅರ್ಜಿ ಕೊಡಬೇಕು. ಇದು ಬೀದಿ ಮರಕ್ಕೆ ಮಾತ್ರ ಅಂದುಕೊಳ್ಳಬೇಡಿ. ನಿಮ್ಮ ಕಾಂಪೌಂಡ್ ಒಳಗೆ ನಿಮ್ಮಜ್ಜ ನೆಟ್ಟ ಹೊಂಗೆ ಮರಕ್ಕೂ ಇದೇ ನಿಯಮ. ತೆಂಗು, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್ ತರಹದ ಕೆಲವು ಜಾತಿಗಳಿಗೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ನಮ್ಮ ರಸ್ತೆ ಬದಿಯ ಆಲ, ಗೋಣಿ, ಬಸರಿ ಮರಗಳಿಗೆ ಆ ವಿನಾಯಿತಿ ಇಲ್ಲ.

‘ಕಡಿಯುವುದು’ ಅನ್ನುವುದಕ್ಕೂ ಕಾಯ್ದೆ ದೊಡ್ಡ ಅರ್ಥ ಕೊಟ್ಟಿದೆ. ಬುಡ ಕೊಯ್ಯುವುದು ಮಾತ್ರ ಅಲ್ಲ. ಕಾಂಡದ ಸುತ್ತ ಬಳೆಯ ಹಾಗೆ ತೊಗಟೆ ಸುಲಿಯುವುದು, ಮರ ಸಾಯುವ ಔಷಧಿ ಹಾಕುವುದು, ಬುಡಕ್ಕೆ ಬೆಂಕಿ ಇಡುವುದು ಎಲ್ಲವೂ ಅದರೊಳಗೆ ಬರುತ್ತದೆ. ಅಂಗಡಿ ಬೋರ್ಡು ಕಾಣಲ್ಲ ಅಂತ ಕಾಂಡಕ್ಕೆ ತೂತು ಕೊರೆದು ಆ್ಯಸಿಡ್ ಸುರಿಯುವವರು ಇದ್ದಾರಲ್ಲ, ಅವರು ಮಾಡುವುದೂ ಇದೇ ಅಪರಾಧ. ಮರ ಒಣಗಿದ ಮೇಲೆ ‘ತಾನಾಗೇ ಸತ್ತಿತು’ ಅಂದರೆ ನಂಬಬೇಕಿಲ್ಲ. ಬುಡದ ಹತ್ತಿರ ಕೂತು ನೋಡಿ, ತೂತು ಸಿಗುತ್ತದೆ. ಎಷ್ಟೋ ಸಲ ಅದಕ್ಕೆ ಮಣ್ಣು ಮೆತ್ತಿ ಮುಚ್ಚಿರುತ್ತಾರೆ.

ಅರ್ಜಿ ಬಂದ ಮೇಲೆ ವೃಕ್ಷ ಅಧಿಕಾರಿ ಸ್ಥಳಕ್ಕೆ ಹೋಗಿ ಮರ ನೋಡಬೇಕು. ಮರ ಸತ್ತಿದೆಯಾ, ರೋಗ ಹಿಡಿದಿದೆಯಾ, ಗಾಳಿಗೆ ಬಿದ್ದಿದೆಯಾ, ಜೀವಕ್ಕೋ ಆಸ್ತಿಗೋ ಅಪಾಯವಾ, ಸಂಚಾರಕ್ಕೆ ಅಡ್ಡಿಯಾ ಅಂತ ಪರೀಕ್ಷಿಸಿ ಆದೇಶ ಬರೆಯಬೇಕು. ಅನುಮತಿ ಕೊಟ್ಟರೆ ಬದಲಿ ಗಿಡ ನೆಡುವ ಷರತ್ತೂ ಹಾಕಬೇಕು. ಆದೇಶ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ಅವಕಾಶ ಇದೆ.

ಇಷ್ಟರಲ್ಲಿ ಜಾಸ್ತಿ ಬಳಕೆಯಾಗುವ ಪದ ‘ಅಪಾಯ’. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಪೊಳ್ಳಾದ ಕಾಂಡದ ಮರ ಶಾಲೆಯ ಗೇಟಿನ ಮೇಲೆ ವಾಲಿದ್ದರೆ ಕಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಟ್ಟಣದ ಮರಗಳು ಅಪಾಯಕಾರಿ ಆಗುವುದು ಹೇಗೆ ಅಂತ ಯಾರೂ ಸಭೆಯಲ್ಲಿ ಕೇಳುವುದಿಲ್ಲ. ಚರಂಡಿ ಕಾಮಗಾರಿ ಬರುತ್ತದೆ. ಜೆಸಿಬಿ ಮರದ ಒಂದು ಬದಿಯ ಬೇರನ್ನೆಲ್ಲ ನೇರ ಗೆರೆ ಎಳೆದಂತೆ ಕಿತ್ತು ಹಾಕುತ್ತದೆ. ಇನ್ನೊಂದು ಬದಿಗೆ ಕಾಂಕ್ರೀಟ್, ಮೇಲೆ ಇಂಟರ್‌ಲಾಕ್ ಟೈಲ್ಸ್, ತೊಗಟೆಗೆ ಅಂಟಿಕೊಂಡ ಹಾಗೆ. ನೀರು ಇಳಿಯೋಕೆ ಜಾಗವಿಲ್ಲ. ಮಳೆಗಾಲದ ಮುಂಚೆ ತಂತಿಗೆ ತಾಗುತ್ತದೆ ಅಂತ ತಂತಿ ಕಡೆಯ ಕೊಂಬೆಗಳನ್ನಷ್ಟೇ ಕತ್ತರಿಸುತ್ತಾರೆ. ಮರದ ಭಾರವೆಲ್ಲ ಒಂದೇ ಕಡೆಗೆ ಬೀಳುತ್ತದೆ. ಬೇರು ಒಂದು ಕಡೆ ಇಲ್ಲ, ಭಾರ ಇನ್ನೊಂದು ಕಡೆ. ಆಮೇಲೆ ಜೋರು ಮಳೆಗೆ ಮರ ವಾಲುತ್ತದೆ, ಅದೇ ಸಭೆಯಲ್ಲಿ ಅದೇ ಮರಕ್ಕೆ ‘ಅಪಾಯಕಾರಿ’ ಅಂತ ಹಣೆಪಟ್ಟಿ ಬೀಳುತ್ತದೆ. ಚರಂಡಿಯ ಅಂದಾಜು ಪಟ್ಟಿ ಪಾಸಾದ ದಿನವೇ ಆ ಮರದ ಹಣೆಬರಹ ಬರೆದಾಗಿತ್ತು. ಸದಸ್ಯರು ಜಗಳ ಮಾಡಬೇಕಾಗಿದ್ದದ್ದು ಅವತ್ತು.

ಪುರಸಭೆಗೆ ನಿಜವಾದ ಅಧಿಕಾರ ಇರುವುದೂ ಅಲ್ಲೇ. ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳು ನಡೆಯುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಪ್ರಕಾರ. ಸಂವಿಧಾನದ 74ನೇ ತಿದ್ದುಪಡಿಯಿಂದ ಬಂದ 12ನೇ ಅನುಸೂಚಿಯಲ್ಲಿ ನಗರ ಅರಣ್ಯ, ಪರಿಸರ ರಕ್ಷಣೆ ಕೂಡ ನಗರಾಡಳಿತದ ಕೆಲಸಗಳ ಪಟ್ಟಿಯಲ್ಲಿವೆ. ಮರ ಕಡಿಯಲು ಅನುಮತಿ ಕೊಡುವ ಅಧಿಕಾರ ಪುರಸಭೆಗೆ ಇಲ್ಲ ಅಷ್ಟೇ. ಗಿಡ ನೆಡುವುದು, ನೀರು ಹಾಕುವುದು, ಬುಡಕ್ಕೆ ಮಣ್ಣಿನ ಜಾಗ ಬಿಡಿಸುವುದು, ಮೊಳೆ ಹೊಡೆದವರಿಗೆ ನೋಟಿಸ್ ಕೊಡುವುದು ಅದರ ಕೈಯಲ್ಲೇ ಇದೆ.

ಇದನ್ನು ಗಟ್ಟಿ ಮಾಡುವ ದಾರಿ ಬೈಲಾ. ಠರಾವು ಒಂದು ದಿನದ ತೀರ್ಮಾನ, ಮುಂದಿನ ಸಭೆಯಲ್ಲಿ ಬದಲಾಗಬಹುದು. ಕಾನೂನಿಗೆ ವಿರುದ್ಧವಾಗಿದ್ದರೆ ಜಿಲ್ಲಾಧಿಕಾರಿ ತಡೆಹಿಡಿಯಲೂಬಹುದು. ಬೈಲಾ ಹಾಗಲ್ಲ. ಅದರ ಕರಡನ್ನು ಪ್ರಕಟಿಸಬೇಕು, ಊರಿನವರ ಆಕ್ಷೇಪಣೆ ಕೇಳಬೇಕು, ಸರ್ಕಾರದ ಮಂಜೂರಾತಿ ಪಡೆಯಬೇಕು. ಅದಾದ ಮೇಲೆ ಅದು ಆ ಊರಿನ ಕಾನೂನು. 1976ರ ಕಾಯ್ದೆಯನ್ನು ಮೀರುವ ಬೈಲಾ ನಿಲ್ಲುವುದಿಲ್ಲ. ಆದರೆ ‘ಫುಟ್‌ಪಾತ್ ಹಾಕುವಾಗ ಮರದ ಸುತ್ತ ಇಷ್ಟು ಜಾಗ ಬಿಡಬೇಕು’ ಅಂತ ಬರೆದರೆ ಕಾಯ್ದೆಗೆ ಬಲ ಬರುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಯ ಮರಗಳ ವಿಷಯದಲ್ಲಿ ಇದನ್ನೇ ಹೇಳಿತು. ಬುಡದ ಸುತ್ತ 1 ಮೀಟರ್ ಕಾಂಕ್ರೀಟ್ ತೆಗೆಯಿರಿ, ಮೊಳೆ, ಬೋರ್ಡು, ತಂತಿ ಕೀಳಿಸಿ ಅಂತ. ನಮ್ಮ ಒಂದು ಪುರಸಭೆ ಆ ಒಂದು ಮೀಟರನ್ನು ಗುತ್ತಿಗೆದಾರರ ಟೆಂಡರ್ ಷರತ್ತಿಗೆ ಸೇರಿಸಿದರೂ ಸಾಕು, ನೂರಾರು ಮರ ಉಳಿಯುತ್ತವೆ.

ರಸ್ತೆ ಅಗಲೀಕರಣದ ಲೆಕ್ಕ ಬೇರೆ. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಜಾಸ್ತಿ ಮರ ಹೋಗುವುದಾದರೆ ವೃಕ್ಷ ಅಧಿಕಾರಿ ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆ ಕರೆಯಬೇಕು. ಆಕ್ಷೇಪಣೆಗೆ ಬೆಲೆ ಇದೆಯಾ ಅಂತ ಕೇಳುವವರಿಗೆ ಮಾಗಡಿ ತಾಲ್ಲೂಕಿನ ಉದಾಹರಣೆ ಸಾಕು. ಹುಲಿಕಲ್–ಕುದೂರು ನಡುವೆ ಸಾಲುಮರದ ತಿಮ್ಮಕ್ಕ ಬೆಳೆಸಿದ ಆಲದ ಮರಗಳು 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲೀಕರಣಕ್ಕೆ ಸಿಕ್ಕಿಹಾಕಿಕೊಂಡಿದ್ದವು. ಪದ್ಮಶ್ರೀ ಪಡೆದ ವರ್ಷವೇ ಆ ಅಜ್ಜಿ ಮುಖ್ಯಮಂತ್ರಿಯವರನ್ನು ಕಂಡು ಮರ ಉಳಿಸಿ ಅಂತ ಕೇಳಬೇಕಾಯಿತು. ಸರ್ಕಾರ ಬೇರೆ ದಾರಿ ನೋಡಲು ಒಪ್ಪಿತು. ಎಲ್ಲ ಮರಕ್ಕೂ ತಿಮ್ಮಕ್ಕ ಇರುವುದಿಲ್ಲ. ಅದಕ್ಕೇ ಈ ಕಾಯ್ದೆಯ ದಾರಿ ಗೊತ್ತಿರಬೇಕು ಅನ್ನುವುದು.

50ಕ್ಕಿಂತ ಕಡಿಮೆ ಇದ್ದರೆ ಯಾರೂ ಕೇಳಬಾರದು ಅಂತಲೂ ಅಲ್ಲ. ಒಂದೇ ಮರವಾದರೂ ಲಿಖಿತ ಆದೇಶ ಬೇಕೇ ಬೇಕು. ನಿಮ್ಮ ಬೀದಿಯ ಮರದ ತೊಗಟೆ ಕೆತ್ತಿ ಬಣ್ಣದಲ್ಲಿ ನಂಬರ್ ಬರೆದಿದ್ದು ಕಂಡರೆ ಅಳತೆ ಆಗಿದೆ ಅಂತ ಅರ್ಥ, ಅನುಮತಿ ಸಿಕ್ಕಿದೆ ಅಂತಲ್ಲ. ಆ ನಂಬರಿನ ಫೋಟೋ ತೆಗೆದುಕೊಳ್ಳಿ. ವೃಕ್ಷ ಅಧಿಕಾರಿಯ ಹೆಸರಿಗೆ ಒಂದು ಪುಟದ ಅರ್ಜಿ ಬರೆಯಿರಿ: ಯಾವ ಬೀದಿ, ಯಾವ ಮರ, ಯಾಕೆ ಉಳಿಸಬೇಕು, ರೆಂಬೆ ಸವರಿದರೆ ಸಾಕಾಗುತ್ತದಾ. ಅರಣ್ಯ ಇಲಾಖೆ ಕಚೇರಿಯಲ್ಲಿ ಕೊಟ್ಟು ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ, ಒಂದು ಪ್ರತಿ ಪುರಸಭೆಯ ಮುಖ್ಯಾಧಿಕಾರಿಗೂ ಕೊಡಿ. ಗರಗಸ ಹಿಡಿದವರು ಬಂದೇಬಿಟ್ಟರೆ ಅನುಮತಿ ಆದೇಶ ತೋರಿಸಿ ಅಂತ ಕೇಳಿ. ಠರಾವಿನ ಪ್ರತಿ ತೋರಿಸಿದರೆ ಅದು ಅನುಮತಿ ಅಲ್ಲ ಅಂತ ಹೇಳಿ, ಅಲ್ಲಿಂದಲೇ ಅರಣ್ಯ ಇಲಾಖೆಗೆ ಫೋನ್ ಮಾಡಿ.